ಬೆನ್ನು ಬಿಡದ ಟಿವಿಎಸ್

ಬಟವಾಡಿ ದಾಟುವ ಹೊತ್ತಿಗೆ ಬೆನ್ನ ಹಿಂದೆ ಟಿವಿಎಸ್ ಸದ್ದು ಕೇಳಿಸಿತು. ಶಶಿರೇಖಾ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಅರ್ಧ ತುಮಕೂರೇ ಚೆಸ್ಟ್ ನಂಬರ್ ಕಟ್ಟಿಕೊಂಡು ರಸ್ತೆಯಲ್ಲಿ ಓಡುವ ದಿನ ಹೀಗೆ ಅವಳ ಬೆನ್ನು ಹತ್ತುವವನು ಒಬ್ಬನೇ, ಲಕ್ಷ್ಮೀಕಾಂತ ಮಾವ.

"ಏನ್ಲೇ, ಇಷ್ಟಕ್ಕೇ ಏದುಸಿರಾ? ಹತ್ತು ಗಾಡಿ, ಮನೆಗೋಗವ!"

ಅವಳು ಹಲ್ಲು ಕಚ್ಚಿ ಇಬ್ಬರು ಹುಡುಗಿಯರನ್ನು ಹಿಂದೆ ಹಾಕಿದಳು.

ಮಾವನೆಂದರೆ ಅಮ್ಮನ ಒಡಹುಟ್ಟಿದ ತಮ್ಮ. ಶಶಿರೇಖಾ ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ರಂಗಮ್ಮ, ಈ ಕೂಸು ನನ್ನ ಮಗನಿಗೇ ಎಂದು ಗೊತ್ತುಮಾಡಿಬಿಟ್ಟಿದ್ದಳು. ಹದಿನೆಂಟು ತುಂಬಿದ್ದೇ ತಡ, ವೈಶಾಖಕ್ಕೆ ಮದುವೆ ಎಂದಳು. ಬೇಡವೆಂದವರಿಗೆ ಅವಳದು ಒಂದೇ ಉತ್ತರ: "ಬಾವಿಗೆ ಬೀಳ್ತೀನಿ." ಬೆಳ್ಳಾವಿಯ ಆ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೂ ಬಾವಿಗೆ ಹೆದರಿ ಬಾಯಿ ಹೊಲಿದುಕೊಂಡಿದ್ದರು.

ಶಶಿರೇಖಾಗೆ ಮದುವೆ ಬೇಡವಾಗಿತ್ತು. ಓದಬೇಕಿತ್ತು, ಓಡಬೇಕಿತ್ತು. ಈ ಓಟದಲ್ಲಿ ಹುಡುಗಿಯರ ಪೈಕಿ ಮೊದಲ ಮೂರರೊಳಗೆ ಬಂದರೆ ಡಿಗ್ರಿಗೆ ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆಂದು ಪಿ.ಟಿ. ಮೇಷ್ಟ್ರು ಬೀರಯ್ಯ ಮನೆಗೇ ಬಂದು ಹೇಳಿದ್ದರು. ಆಗ ಎಲ್ಲರಿಗಿಂತ ಜೋರಾಗಿ ನಕ್ಕವನು ಮಾವ.

"ಇವಳಾ? ಮೂರರೊಳಗಾ? ಬಂದ್ರೆ ಮದುವೇನೇ ಬೇಡ ಬುಡವ್ವ! ಹಾಕು ಮನೆದೇವ್ರ ಮೇಲೆ ಆಣೆ. ಹೆಂಗೂ ಬರಕ್ಕಿಲ್ಲ."

ಮಗನ ನಗು ಕಂಡು ಅಜ್ಜಿಯೂ ನಕ್ಕಳು. ದೀಪ ಮುಟ್ಟಿ ಆಣೆ ಹಾಕಿದಳು. ಆ ನಗು ಶಶಿರೇಖಾಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅಂದಿನಿಂದ ಅವನ ಕಾಟ ಶುರುವಾಯಿತು. ಬೆಳಗ್ಗೆ ಓಡಲು ಹೊರಟರೆ ಹಿಂದೆಯೇ ಟಿವಿಎಸ್. ನಿಂತರೆ ಹಾರನ್, ಕೂತರೆ ಕುಹಕ. ಒಂದು ದಿನ ಅವಳ ಹಳೇ ಕ್ಯಾನ್‌ವಾಸ್ ಶೂ ಎತ್ತಿ ತಿಪ್ಪೆಗೆಸೆದ. ಮರುದಿನ ಬೀರಯ್ಯ ಮೇಷ್ಟ್ರು ಹೊಸ ಶೂ ತಂದು "ಯಾರೋ ದಾನಿಗಳು ಕಣಮ್ಮ" ಎಂದು ಕೊಡದಿದ್ದರೆ ಅವಳ ಓಟ ಅಲ್ಲಿಗೇ ಮುಗಿಯುತ್ತಿತ್ತು.

ಬಿ.ಎಚ್. ರಸ್ತೆ. ಎರಡೂ ಬದಿ ಜನ, ಹಿಂದೆ ಮಾವ, ಮುಂದೆ ಮೈದಾನದಲ್ಲಿ ಕಾದು ಕೂತ ಅಜ್ಜಿ. ಬೋನಿಗೆ ಬಿದ್ದ ಇಲಿಗೂ ಇಷ್ಟು ದಿಗಿಲಾಗಿರಲಿಕ್ಕಿಲ್ಲ. ಆಟೋ ಒಂದು ಎದುರಿಗೇ ನುಗ್ಗಿತು. ಮಾವ ಅದರ ಮೂತಿಗೆ ಗಾಡಿ ಅಡ್ಡ ಹಾಕಿ ಜಗಳಕ್ಕೆ ನಿಂತ. ಸದ್ಯ, ಪೀಡೆ ತೊಲಗಿತು ಎಂದುಕೊಂಡು ಅವಳು ಪಕ್ಕದಲ್ಲಿ ನುಸುಳಿದಳು. ಎಲ್ಲಿ ತೊಲಗುತ್ತದೆ? ಮತ್ತೆ ಹಾರನ್.

"ನಾಕನೇದು ಕಣೇ ನೀನು! ಆ ಕೆಂಪು ಟೀಶರ್ಟಿನೋಳು ಕಾಲು ಎಳೀತಾವ್ಳೆ. ಆದ್ರೂ ನಿನ್ ಕೈಲಿ ಹಿಡಿಯಕ್ಕಾಗಕ್ಕಿಲ್ಲ!"

ನೋಡಿದಳು. ಹೌದು, ಎಳೆಯುತ್ತಿದ್ದಳು. ಶಶಿರೇಖಾಗೆ ಸಿಟ್ಟು ನೆತ್ತಿಗೇರಿತು, ಕಾಲಿಗೂ ಇಳಿಯಿತು. ಮೈದಾನದ ಗೇಟಿನಲ್ಲಿ ಕೆಂಪು ಟೀಶರ್ಟ್ ಹಿಂದೆ ಬಿತ್ತು.

ಮೂರನೇ ಸ್ಥಾನ!

ಅಜ್ಜಿ ತಲೆ ಮೇಲೆ ಕೈ ಹೊತ್ತಳು. ಬಾವಿಯ ಮಾತೆತ್ತಲಿಲ್ಲ. ದೀಪ ಮುಟ್ಟಿ ಹಾಕಿದ ಆಣೆ ಮುರಿಯುವ ಧೈರ್ಯ ಅವಳಿಗಿರಲಿಲ್ಲ.

ಶಶಿರೇಖಾ ಮಾವನನ್ನು ಹುಡುಕಿಕೊಂಡು ಹೋದಳು. ಇಷ್ಟು ದಿನದ್ದಕ್ಕೆಲ್ಲ ಒಂದು ಮಾತು ಚುಚ್ಚಲೇಬೇಕಿತ್ತು. ಶಾಮಿಯಾನದ ಹಿಂದೆ ಟಿವಿಎಸ್ ಮೇಲೆ ಕೂತು, ಮುಖಕ್ಕೆ ಟವೆಲ್ ಒತ್ತಿಕೊಂಡು ಬಿಕ್ಕುತ್ತಿದ್ದ.

"ಯಾಕ್ ಮಾವ, ಮದುವೆ ತಪ್ಪೋಯ್ತು ಅಂತ ಅಳ್ತಿದೀಯಾ?"

ಮಾವ ಟವೆಲ್ ತೆಗೆದ. ಕಣ್ತುಂಬ ನೀರು, ಬಾಯ್ತುಂಬ ನಗು. "ನಾನು ಒಲ್ಲೆ ಅಂದಿದ್ರೆ ಅವ್ವ ಬಾವಿಗೆ ಬೀಳ್ತಿದ್ಲು ಕಣವ್ವ. ತೊಟ್ಟಿಲು ತೂಗಿದ ಕೈಲಿ ನಿಂಗೆ ತಾಳಿ ಹೆಂಗೆ ಕಟ್ಲಿ?" ಎಂದವನು ಬಗ್ಗಿ ಅವಳ ಪಾದ ನೋಡಿದ. "ಶೂ ಕಚ್ಚಲಿಲ್ಲ ತಾನೇ? ಆರು ನಂಬರ್ ಸಾಕು ಅಂದಿದ್ದ ಅಂಗಡಿಯೋನು."