ಜನರೇಟರ್ ಟ್ಯಾಂಕಿನ ಕಳ್ಳ

ಮುಳ್ಳು ಮತ್ತೆ ಕೆಳಗಿಳಿದಿತ್ತು. ಜಯಂತ ಪೆಟ್ರೋಲ್ ಗೇಜನ್ನು ಬೆರಳಿನಿಂದ ಕುಟ್ಟಿ ನೋಡಿದ. ಅಲುಗಲಿಲ್ಲ. ಯಾರೋ ಕದಿಯುತ್ತಿದ್ದಾರೆ. ಯಾರೋ ಏನು ಬಂತು, ಅಪ್ಪಾಸಾಹೇಬನೇ!

ಟ್ರೇಲರ್ ಕೊಂಡಂದಿನಿಂದ ಜಯಂತನಿಗೆ ಬೇರೆ ಮಾತೇ ಇರಲಿಲ್ಲ. ಮುಂದೆ ಅಡುಗೆಮನೆ, ಹಾಸಿಗೆ, ಎ.ಸಿ.; ಹಿಂದೆ ಬೈಕ್ ನಿಲ್ಲಿಸುವ ಗ್ಯಾರೇಜು. ಕಾಪೆಲ್ ಊರಿನ ಕನ್ನಡಿಗರಲ್ಲಿ ಅಂಥದ್ದು ಅವನೊಬ್ಬನ ಬಳಿ ಮಾತ್ರ ಇತ್ತು. ಮನೆ ಮುಂದೆ ನಿಲ್ಲಿಸಲು ಕಾಲೋನಿಯವರು ಬಿಡದ್ದರಿಂದ ಅದು ಊರಾಚೆಯ ಬಾಡಿಗೆ ಯಾರ್ಡ್‌ನಲ್ಲಿ ನಿಂತಿತ್ತು. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಊಟದ ತಟ್ಟೆ ಹಿಡಿದವರನ್ನು ಮೂಲೆಗೊತ್ತಿ ಶುರು ಮಾಡುತ್ತಿದ್ದ.

“ಟ್ಯಾಂಕ್ ಎರಡು. ಒಂದಕ್ಕೆ ಪಂಪು, ನಳಿಕೆ. ಬೈಕಿಗೆ ತುಂಬಿಸ್ಕೋಬಹುದು. ಇನ್ನೊಂದರಿಂದ ಒಂದೇ ಪೈಪು, ಸೀದಾ ಜನರೇಟರ್‌ಗೆ. ಹೊರಗೆ ಒಂದು ಹನೀನೂ ಬರಲ್ಲ. ಡಿಸೈನ್ ಅಂದ್ರೆ ಅದು!”

ಹೆಂಡತಿ ಅನುಸೂಯಾ ಪಕ್ಕದಲ್ಲಿ ನಗುಮುಖ ಹೊತ್ತು ನಿಂತಿರುತ್ತಿದ್ದಳು. ಅವಳು ಓದಿದ್ದೂ ಎಲೆಕ್ಟ್ರಾನಿಕ್ಸೇ. ಅದು ಅವನಿಗೆ ನೆನಪಿರುತ್ತಿರಲಿಲ್ಲ. ಅವನು ಮನೆಯಿಂದಲೇ ಕೆಲಸ ಮಾಡುವವನಾದ್ದರಿಂದ ಜನರೇಟರ್ ಪಾಠ ಅವಳಿಗೆ ಬೆಳಗಿನ ಕಾಫಿಗೂ ಇತ್ತು, ರಾತ್ರಿಯ ಮಜ್ಜಿಗೆಗೂ ಇತ್ತು.

ಹಿಂದಿನ ರಸ್ತೆಯ ಅಪ್ಪಾಸಾಹೇಬ ವಿಜಯಪುರದವನು, ಹಳೆಯ ಗೆಳೆಯ. ಒಮ್ಮೆ ಟ್ರೇಲರ್ ಕೇಳಿ ಪಡೆದು ಹೂಸ್ಟನ್ ಕಡೆ ಸಮುದ್ರಕ್ಕೆ ಹೋಗಿದ್ದ. ಒಂದು ಕೀ ಅವನಲ್ಲೇ ಉಳಿದಿತ್ತು. ಜಯಂತ ಆ ಸಂಜೆಯೇ ಅವನ ಬಾಗಿಲು ತಟ್ಟಿದ.

“ಜನರೇಟರ್ ಟ್ಯಾಂಕು ತಾನಾಗೇ ಖಾಲಿ ಆಗುತ್ತಾ, ಅಪ್ಪಾಸಾಹೇಬ್ರೇ?”

“ಬೈಕಿಗೆ ಹಾಕೋ ಟ್ಯಾಂಕು?”

“ಅದು ತುಂಬಿದೆ.”

ಅಪ್ಪಾಸಾಹೇಬ ಗಡ್ಡ ಕೆರೆದುಕೊಂಡ. “ಅಲ್ರೀ, ನಳಿಕಿ ಇರೋ ಟ್ಯಾಂಕ್ ಬಿಟ್ಟು, ಹನಿನೂ ಹೊರಗ ಬರದ ಟ್ಯಾಂಕಿಗೆ ಕಳ್ಳ ಯಾಕ್ ಕೈ ಹಾಕ್ತಾನ್ರೀ?”

“ಬುದ್ಧಿವಂತ ಕಳ್ಳ. ನನಗೆ ಅನುಮಾನ ಬರಬಾರದು ಅಂತ.”

ಅಪ್ಪಾಸಾಹೇಬ ಒಳಗೆ ಹೋಗಿ ಕೀ ತಂದು ಅವನ ಅಂಗೈಯಲ್ಲಿಟ್ಟ. “ತಗೋರಿ. ಇನ್ನ ನಮ್ಮನಿಗೆ ಬರಬ್ಯಾಡ್ರಿ.”

ಗೆಳೆತನ ಹೋಯಿತು, ಪೆಟ್ರೋಲ್ ಉಳಿಯಲಿಲ್ಲ. ಮುಂದಿನ ವಾರವೂ ಮುಳ್ಳು ಇಳಿಯಿತು. ಕಳ್ಳ ನಕಲಿ ಕೀ ಮಾಡಿಸಿದ್ದಾನೆಂದು ಜಯಂತ ತೀರ್ಮಾನಿಸಿದ.

“ಪೊಲೀಸರಿಗೆ ಹೇಳ್ತೀನಿ,” ಎಂದ.

“ಬೇಡ ರೀ,” ಎಂದಳು ಅನುಸೂಯಾ. “ಯಾರಿಗೆ ಏನು ಕಷ್ಟ ಇದೆಯೋ.”

ಮನುಷ್ಯರನ್ನು ಅರಿಯಲು ಅವಳಿಗೆ ಎಂದೂ ಬರುವುದಿಲ್ಲವೆಂದು ಜಯಂತ ಮರುಗಿದ. ಅದರ ಮೇಲೂ ಒಂದು ಭಾಷಣವಾಯಿತು.

ಗುರುವಾರ ಅವಳು ದೇವಸ್ಥಾನಕ್ಕೂ ಅಲ್ಲಿಂದ ಹಾಗೇ ಯೋಗ ಕ್ಲಾಸಿಗೂ ಹೊರಟಳು. ಜಯಂತ ಆಫೀಸಿನ ಮೀಟಿಂಗಿಗೆ ಚಕ್ಕರ್ ಹೊಡೆದು, ಕಾರನ್ನು ದೂರದಲ್ಲಿ ನಿಲ್ಲಿಸಿ, ಕ್ರಿಕೆಟ್ ಬ್ಯಾಟ್ ಸಮೇತ ಟ್ರೇಲರಿನ ಗ್ಯಾರೇಜಿನಲ್ಲಿ ಅಡಗಿ ಕೂತ. ಆಗಸ್ಟ್ ಬಿಸಿಲಿಗೆ ತಗಡು ಕಾದು ಹೆಂಚಾಗಿತ್ತು. ಬೆವರು ಕಣ್ಣಿಗಿಳಿಯಿತು. ಆದರೂ ಅಪ್ಪಾಸಾಹೇಬನ ಮುಖ ಬಾಡುವುದನ್ನು ನೆನೆದು ಸುಖಪಟ್ಟ.

ಮುಂಬಾಗಿಲು ತೆರೆಯಿತು. ಹೆಜ್ಜೆ ಸಪ್ಪಳ. ಗುಂಡಿ ಒತ್ತಿದ ಸದ್ದು. ಜನರೇಟರ್ ಗುರ್ರೆಂದು ಎದ್ದಿತು, ಗೋಡೆಯಾಚೆ ಎ.ಸಿ. ಬೀಸತೊಡಗಿತು. ಕಳ್ಳನಿಗೆ ತಂಪು ಬೇರೆ ಬೇಕೇ! ಜಯಂತ ಬ್ಯಾಟ್ ಎತ್ತಿ, ನಡುವಿನ ಬಾಗಿಲ ಹಿಡಿಗೆ ಕೈ ಹಾಕಿದ.

“ಹೂಂ ಪ್ರಗತಿ, ಆಫರ್ ಬಂತು ಕಣೇ,” ಎಂದಿತು ಅನುಸೂಯಾಳ ದನಿ. “ಟೇಲರ್ ಊರಿನ ಚಿಪ್ ಫ್ಯಾಕ್ಟರೀನೇ. ಇಂಟರ್‌ವ್ಯೂ ಎಲ್ಲಾ ಇಲ್ಲಿ ಕೂತೇ ಮುಗಿಸ್ದೆ, ಮನೇಲಿ ನನ್ನ ಮಾತು ನನಗೇ ಕೇಳಿಸಲ್ಲ. ಬಾಡಿಗೆ ಮನೆ ಸಿಕ್ಕಿದೆ. ಸೋಮವಾರ ಒಬ್ಬಳೇ ಶಿಫ್ಟ್ ಆಗ್ತೀನಿ. ಆಸ್ಟಿನ್ ಹತ್ರಾನೇ ಅಲ್ವಾ, ನಿನ್ನನ್ನೂ ನೋಡ್ಬಹುದು.”

ಸ್ಪೀಕರಿನಲ್ಲಿ ಮಗಳು ಕೇಳಿದಳು: “ಅಮ್ಮಾ, ಡಸ್ ಅಪ್ಪ ನೋ ಅಬೌಟ್ ದಿಸ್?”

“ಹೇಳ್ಬೇಕು ಕಣೇ,” ಎಂದಳು ಅನುಸೂಯಾ, “ಅವರು ಮಾತು ನಿಲ್ಲಿಸಲಿ ಅಂತ ಯುಗಾದಿಯಿಂದ ಕಾಯ್ತಾ ಇದ್ದೀನಿ.”