ಹುಣಸೆಹಣ್ಣು ತಿಂದ ಕಾರು

ನಾಗಭೂಷಣನ ಹಳೇ ಕಾರನ್ನು ನೋಡಲು ಭಾನುವಾರ ಒಬ್ಬರು, ಸೋಮವಾರ ಇನ್ನೊಬ್ಬರು ಬರುವವರಿದ್ದರು. ಅದು ಮಾರಾಟವಾದರೆ ಸಾಕು ಎಂದು ಮನೆಯವರಿಗಿಂತ ಹೆಚ್ಚಾಗಿ ಬೀದಿಯವರು ಕಾಯುತ್ತಿದ್ದರು. ಆದರೆ ಬಾನೆಟ್ ಎತ್ತಿದರೆ, ಎಂಜಿನ್ನಿನ ಹೊಗೆ ಸಾಗಿಸುವ ಪೈಪು ತುಕ್ಕು ಹಿಡಿದು ಕಜ್ಜಿನಾಯಿಯಂತೆ ಕಾಣುತ್ತಿತ್ತು. ಅದನ್ನು ಬದಲಿಸಲು ಗ್ಯಾರೇಜಿನವನು ಹೇಳಿದ ರೇಟು ಕೇಳಿದ ನಾಗಭೂಷಣ ಸೀದಾ ತನ್ನ ಅಡುಗೆಮನೆಗೇ ನುಗ್ಗಿದ.

ಹುಣಸೆಹಣ್ಣು ಕಿವುಚಿ ಪೈಪಿಗೆ ಹಚ್ಚಿದ. ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಗಸಗಸ ತಿಕ್ಕಿದ. ತೊಳೆದು ಒಣಗಿಸಿ, ಬಿಸಿ ತಡೆಯುವ ಬೆಳ್ಳಿ ಬಣ್ಣದ ಪೇಂಟನ್ನು ಪುಟ್ಟ ಡಬ್ಬಿಯೊಂದರಲ್ಲಿ ತಂದು ಬಳಿದ.

"ನನ್ನ ಪಾತ್ರೇನ ಒಂದಿನಾನಾದ್ರೂ ಹಿಂಗೆ ಉಜ್ಜಿದ್ರಾ?" ಎಂದಳು ಹೆಂಡತಿ ವಿಶಾಲಾಕ್ಷಿ.

"ನಿನ್ ಪಾತ್ರೇನ ಕೊಂಡ್ಕೊಳೋಕೆ ಯಾರೂ ಬರಲ್ವಲ್ಲೇ!"

ಭಾನುವಾರ ಬಂದ ಹಿರಿಯರು ಬಾನೆಟ್ಟಿನೊಳಗೆ ಬಗ್ಗಿ ಕನ್ನಡಕ ಸರಿಮಾಡಿಕೊಂಡರು.

"ಹದಿನೈದು ವರ್ಷದ ಗಾಡಿ ಅಂದ್ರಿ. ಪೈಪು ಮದುವೆ ಗಂಡಿನ ಥರ ಫಳಫಳ ಅಂತಿದೆಯಲ್ರೀ?"

"ನಾನೇ ಉಜ್ಜಿ ಪೇಂಟ್ ಹೊಡ್ದೆ ಸಾರ್. ಇನ್ನು ತುಕ್ಕು ಹತ್ರಾನೂ ಸುಳಿಯಲ್ಲ."

"ನಮ್ ಭಾವನಿಗೂ ಹಿಂಗೇ ಹೇಳಿ ಒಂದು ಗಾಡಿ ಸಾಗಹಾಕಿದ್ರು. ಆಮೇಲೆ ನೋಡಿದ್ರೆ ಪ್ರವಾಹದಲ್ಲಿ ಮುಳುಗಿದ್ದ ಗಾಡಿ! ಹಳೇ ಗಾಡಿಲಿ ಹಳೇ ತುಕ್ಕು ಇದ್ರೇನೇ ನಂಬಿಕೆ ಕಣ್ರೀ" ಎಂದವರೇ ಹೊರಟುಬಿಟ್ಟರು.

ನಾಳೆಯ ಗಿರಾಕಿಯನ್ನು ನೆನೆದು ನಾಗಭೂಷಣ ಮತ್ತೆ ಸ್ಟೀಲ್ ನಾರು ಹಿಡಿದು, ಹೊಡೆದ ಪೇಂಟನ್ನೆಲ್ಲ ಕೆರೆಯತೊಡಗಿದ.

"ಇನ್ನೂ ಹುಣಸೆಹಣ್ಣು ಬೇಕೇನ್ರೀ?" ವಿಶಾಲಾಕ್ಷಿ ಕಿಟಕಿಯಿಂದ ಕೂಗಿದಳು.

"ಬೇಡ ಕಣೇ, ಒಂದು ಚೊಂಬು ಉಪ್ಪುನೀರು ಕೊಡು."