ಮೂತಿಯ ಮೇಲಿನ ಕುಂಕುಮ

ಮುರಿದು ನೇತಾಡುತ್ತಿದ್ದ ರೆಕ್ಕೆಯನ್ನು ಅಪೇಕ್ಷಾ ನೋಡಲೇ ಇಲ್ಲ. ಪರದೇಶದ ಲಂಗಾಟಾ ಎಂಬ ಊರಿನ ಹ್ಯಾಂಗರ್ ಮುಂದೆ ನಿಲ್ಲಿಸಿದ್ದ, ನೀರು ಸುರಿದು ಕಾಡಿನ ಬೆಂಕಿ ಆರಿಸುವ ಆ ವಿಮಾನವನ್ನು ಬಿರುಗಾಳಿ ಎಳೆದು ಗೋಡೆಗೆ ಉಜ್ಜಿತ್ತು. ಅದನ್ನು ಹಾರಿಸುತ್ತಿದ್ದ, ಈಗಿಲ್ಲದ ಅವಳ ಗಂಡ ನಂದನ್, ತನ್ನ ಕೊನೆಯ ಆಯುಧಪೂಜೆಯಂದು ಗ್ರೀಸಿನಲ್ಲಿ ಕಲಸಿ ಮೂತಿಗೆ ಹಚ್ಚಿದ್ದ ಕುಂಕುಮವೂ ವಿಮಾನದ ಬಣ್ಣದ ಜೊತೆಗೇ ಕಿತ್ತುಹೋಗಿತ್ತು.

"ರೆಕ್ಕೆ ಹೊಸದು ಬರ್ತದೆ ಮೇಡಂ," ಎಂದ ಮಂಗಳೂರಿನ ಮೆಕ್ಯಾನಿಕ್ ವಿನ್ಸೆಂಟ್. "ಕುಂಕುಮ ನೀವೇ ಇಟ್ಟುಬಿಡಿ."

"ನಾನು ಇಡಬಾರದು ವಿನ್ಸೆಂಟ್. ನಮ್ಮತ್ತೆ ಫೋನ್ ಮಾಡಿ ಹೇಳಿದಾರೆ, ಇನ್ಮೇಲೆ ಇಂಥದ್ದೆಲ್ಲ ಮುಟ್ಟಬೇಡ ಅಂತ."

"ಪ್ಲೇನಿಗೆ ನಿಮ್ಮ ಅತ್ತೆಯ ಪರಿಚಯ ಉಂಟಾ?"

ಎಷ್ಟೋ ತಿಂಗಳ ನಂತರ ಅವಳಿಗೆ ನಗು ಬಂತು. ಚಕ್ರಕ್ಕೆ ಮೆತ್ತಿದ್ದ ಹಸಿ ಕೆಮ್ಮಣ್ಣಿನಲ್ಲಿ ಉಂಗುರದ ಬೆರಳು ಅದ್ದಿ, ಗೀರುಬಿದ್ದ ತಣ್ಣನೆಯ ಲೋಹಕ್ಕೆ ಒತ್ತಿದಳು. ಬೆರಳನ್ನು ಹಿಂದಕ್ಕೆ ತೆಗೆಯಲು ಮಾತ್ರ ಅವಳಿಂದ ಆಗಲಿಲ್ಲ.